39 ಅಂಕಿಯ ಅವಿಭಾಜ್ಯವನ್ನು ಮನೆಯಲ್ಲೇ ಪರೀಕ್ಷಿಸುವುದು: 2¹²⁷ − 1, ಹಂತ ಹಂತವಾಗಿ

"ಸಾರ್, ಪುಸ್ತಕದಲ್ಲಿ ಅವಿಭಾಜ್ಯ ಅಂತಿದೆ, ನನ್ನ ಪ್ರೋಗ್ರಾಂ ಮಾತ್ರ ಅಲ್ಲ ಅಂತಿದೆ." ಈ ಮಾತು ಕೇಳಿ ಕೇಳಿ ಸಾಕಾಗಿದೆ. ಪ್ರಾಜೆಕ್ಟ್ ಮಾಡುವ ಪಿಯುಸಿ ಹುಡುಗರು ಕೇಳುತ್ತಾರೆ, ಇಂಜಿನಿಯರಿಂಗ್ ಓದುವವರು ಕೇಳುತ್ತಾರೆ, ರಿಟೈರ್ ಆಗಿ ಪೈಥಾನ್ ಕಲಿಯುತ್ತಿರುವವರೂ ಕೇಳುತ್ತಾರೆ. ಎಲ್ಲರೂ ಎಡವುವ ಜಾಗಗಳು ನಾಲ್ಕೈದೇ. ಲೆಕ್ಕ ಕಷ್ಟ ಅಂತಲ್ಲ, ಕ್ರಮ ತಪ್ಪುತ್ತದೆ. ಸಂಖ್ಯೆ ಸರಿಯಾಗಿದೆಯೇ ಅಂತ ನೋಡುವ ಮೊದಲೇ ಪರೀಕ್ಷೆಗೆ ಇಳಿದುಬಿಡುತ್ತಾರೆ. ಪರೀಕ್ಷೆ ಪಾಸಾದ ತಕ್ಷಣ ಸಾಬೀತಾಯಿತು ಅಂದುಕೊಳ್ಳುತ್ತಾರೆ.

ನಾನು ಇಲ್ಲಿ ಒಂದೇ ಸಂಖ್ಯೆ ಹಿಡಿದು ಹೋಗುತ್ತೇನೆ: 2ರ ಘಾತ 127, ಅದರಲ್ಲಿ 1 ಕಳೆದರೆ ಬರುವುದು. ಪೂರ್ತಿ ಬರೆದರೆ ಹೀಗೆ:

170141183460469231731687303715884105727

ಪ್ರತಿ ಸಲ ಇಷ್ಟುದ್ದ ಬರೆಯೋದು ಬೇಡ, ಇದನ್ನು "ಮ" ಅಂತ ಕರೆಯೋಣ. ಮರ್ಸೆನ್ ಸಂಖ್ಯೆಯ ಮ. 2ರ ಯಾವುದಾದರೂ ಘಾತದಲ್ಲಿ 1 ಕಳೆದರೆ ಸಿಗುವುದೇ ಮರ್ಸೆನ್ ಸಂಖ್ಯೆ.

## ಮೊದಲು ಏನೇನು ಬೇಕು

ಪೈಥಾನ್ ಇರುವ ಒಂದು ಕಂಪ್ಯೂಟರ್. ಇಲ್ಲದಿದ್ದರೆ ಮೊಬೈಲ್‌ನಲ್ಲಿ ಪೈಡ್ರಾಯ್ಡ್ ತರಹದ ಆ್ಯಪ್ ಸಾಕು. ಪೈಥಾನ್ ಯಾಕೆ ಅಂದರೆ, ಅದರಲ್ಲಿ ಪೂರ್ಣಾಂಕ ಎಷ್ಟು ಉದ್ದವಾದರೂ ಒಂದಂಕಿ ಬಿಡದೆ ಇಟ್ಟುಕೊಳ್ಳುತ್ತದೆ. ಪಾರಿ-ಜಿಪಿ ಅನ್ನುವ ಉಚಿತ ತಂತ್ರಾಂಶವನ್ನೂ ಹಾಕಿಕೊಳ್ಳಿ, ಕೊನೆಗೆ ತಾಳೆ ನೋಡಲು ಬೇಕು.

ಒಂದು ಕಾಗದ, ಒಂದು ಪೆನ್ನು. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಐದನೇ ಹಂತವನ್ನು ಕೈಯಲ್ಲಿ ಮಾಡದೆ ಮುಂದೆ ಹೋದವರೇ ಆಮೇಲೆ ಮೆಸೇಜ್ ಮಾಡುವುದು.

ಎಕ್ಸೆಲ್ ಬೇಡ. ಅದು 15 ಅಂಕಿಯವರೆಗೆ ಮಾತ್ರ ನೆನಪಿಟ್ಟುಕೊಳ್ಳುತ್ತದೆ, ಉಳಿದ ಜಾಗಕ್ಕೆಲ್ಲ ಸೊನ್ನೆ ತುಂಬುತ್ತದೆ. ಮೊಬೈಲಿನ ಮಾಮೂಲಿ ಕ್ಯಾಲ್ಕುಲೇಟರಿಗೂ ಈ ಸಂಖ್ಯೆ ಕೊಡಬೇಡಿ.

## ಹಂತ 1: ಸಂಖ್ಯೆ ಸರಿಯಾಗಿ ಬಂದಿದೆಯೇ ನೋಡಿ

ಅರ್ಧಕ್ಕರ್ಧ ತಪ್ಪು ಇಲ್ಲೇ ಆಗುವುದು. ಪೈಥಾನ್‌ನಲ್ಲಿ ಘಾತಕ್ಕೆ ಎರಡು ನಕ್ಷತ್ರ ಚಿಹ್ನೆ ಹಾಕಬೇಕು. ಅಭ್ಯಾಸಬಲದಿಂದ ಟೋಪಿ ಚಿಹ್ನೆ (^) ಹಾಕಿದರೆ ಅದು ಘಾತ ಅಲ್ಲ, ಬಿಟ್‌ಗಳ ಮೇಲೆ ನಡೆಯುವ ಬೇರೆಯೇ ಕ್ರಿಯೆ. 2 ಟೋಪಿ 127 ಮೈನಸ್ 1 ಅಂತ ಬರೆದವರಿಗೆ 124 ಅಂತ ಉತ್ತರ ಬರುತ್ತದೆ. 39 ಅಂಕಿ ಬರಬೇಕಾದ ಕಡೆ ಮೂರಂಕಿ ಬಂದರೆ ಯಾರಿಗಾದರೂ ಗೊತ್ತಾಗುತ್ತದೆ, ಆದರೆ ಸಂಖ್ಯೆಯನ್ನು ಪ್ರಿಂಟ್ ಮಾಡಿ ನೋಡಿದರೆ ತಾನೇ?

ಎರಡನೇ ತಪ್ಪು ಇನ್ನೂ ಕಳ್ಳ. ಕೆಲವರು 2ರ ಬದಲು 2.0 ಹಾಕುತ್ತಾರೆ, ಇಲ್ಲವೇ ಮ್ಯಾತ್ ಲೈಬ್ರರಿಯ ಪವ್ ಬಳಸುತ್ತಾರೆ. ಆಗ ಸಂಖ್ಯೆ ದಶಮಾಂಶದ ರೂಪಕ್ಕೆ ಹೋಗುತ್ತದೆ. ಅಷ್ಟು ದೊಡ್ಡ ದಶಮಾಂಶದಿಂದ 1 ಕಳೆದರೂ ಅದು ಅಲುಗಾಡುವುದಿಲ್ಲ. ಮತ್ತೆ ಪೂರ್ಣಾಂಕ ಮಾಡಿದರೆ ಕೊನೆಗೆ 728 ಅಂತ ಬರುತ್ತದೆ. ಅಂದರೆ ನಿಮ್ಮ ಕೈಯಲ್ಲಿರುವುದು ಒಂದು ಸಮಸಂಖ್ಯೆ, ಬರೀ 2¹²⁷. ಪ್ರೋಗ್ರಾಂ "ಅವಿಭಾಜ್ಯ ಅಲ್ಲ" ಅಂದಿದ್ದರೆ ಅದು ಸರಿಯಾಗೇ ಹೇಳಿದೆ!

ಹಾಗಾಗಿ ಮುಂದೆ ಹೋಗುವ ಮೊದಲು ಮೂರು ತಾಳೆ ನೋಡಿ.

ಅಂಕಿಗಳನ್ನು ಎಣಿಸಿ. 127ನ್ನು 0.30103ರಿಂದ ಗುಣಿಸಿದರೆ 38.23 ಬರುತ್ತದೆ, ಅದರ ಪೂರ್ಣ ಭಾಗಕ್ಕೆ 1 ಸೇರಿಸಿ, 39 ಅಂಕಿ.

ಕೊನೆಯ ಎರಡು ಅಂಕಿ ನೋಡಿ. 2ರ ಘಾತಗಳ ಕೊನೆಯ ಎರಡಂಕಿ 4ರಿಂದ ಶುರುವಾಗಿ 20 ಹೆಜ್ಜೆಗೊಮ್ಮೆ ಮತ್ತೆ ಮತ್ತೆ ಬರುತ್ತವೆ. 127ರಲ್ಲಿ 20ರ ಆರು ಸುತ್ತು ಕಳೆದರೆ 7 ಉಳಿಯಿತು, 2⁷ ಅಂದರೆ 128, ಅದರ ಕೊನೆ 28. ಒಂದು ಕಳೆದರೆ 27. ಮೇಲಿನ ಸಂಖ್ಯೆ 27ರಲ್ಲೇ ಮುಗಿಯುತ್ತದೆ.

ಅಂಕಿಗಳನ್ನು ಕೂಡಿಸಿ. 154 ಬರಬೇಕು. 1+5+4 ಅಂದರೆ 10, ಮತ್ತೆ ಕೂಡಿದರೆ 1. ಅಂದರೆ 9ರಿಂದ ಭಾಗಿಸಿದರೆ ಶೇಷ 1. ಎಲ್ಲಿಂದಲೋ ಕಾಪಿ ಮಾಡುವಾಗ ಒಂದಂಕಿ ತಪ್ಪಿದ್ದರೆ ಹೆಚ್ಚಾಗಿ ಇಲ್ಲಿ ಸಿಕ್ಕಿಬೀಳುತ್ತದೆ. 9ರ ಶೇಷ ಮಾತ್ರ ನೋಡಿದರೆ 0 ಇದ್ದ ಕಡೆ 9 ಬಿದ್ದದ್ದು ಸಿಗುವುದಿಲ್ಲ, ಎರಡಂಕಿ ಜಾಗ ಬದಲಿಸಿದ್ದಂತೂ 154ರ ಮೊತ್ತದಲ್ಲೂ ಸಿಗುವುದಿಲ್ಲ. ಅದಕ್ಕೇ ನಾನು ಹೇಳುವುದು, ಕಾಪಿ ಮಾಡಬೇಡಿ, ಸೂತ್ರದಿಂದಲೇ ಹುಟ್ಟಿಸಿ.

## ಹಂತ 2: ಘಾತವನ್ನು ನೋಡಿ, ಆದರೆ ಅಷ್ಟಕ್ಕೇ ನಂಬಬೇಡಿ

ಘಾತ ಅವಿಭಾಜ್ಯ ಅಲ್ಲದಿದ್ದರೆ ಮರ್ಸೆನ್ ಸಂಖ್ಯೆಯೂ ಅವಿಭಾಜ್ಯ ಆಗುವುದಿಲ್ಲ. 9ನ್ನು ತಗೊಳ್ಳಿ: 2⁹ − 1 ಅಂದರೆ 511, ಅದು 7 × 73. ಘಾತ 9ರೊಳಗೆ 3 ಇದೆ, ಹಾಗಾಗಿ 511ರೊಳಗೆ 2³ − 1, ಅಂದರೆ 7, ಇದ್ದೇ ಇರುತ್ತದೆ. ನಮ್ಮ 127 ಅವಿಭಾಜ್ಯ, ಈ ಬಾಗಿಲು ದಾಟಿತು.

ಇದನ್ನು ತಿರುಗಿಸಿ ಹೇಳಿದರೆ ತಪ್ಪು. ಘಾತ ಅವಿಭಾಜ್ಯವಾದ ಮಾತ್ರಕ್ಕೆ ಸಂಖ್ಯೆ ಅವಿಭಾಜ್ಯ ಆಗಿಬಿಡುವುದಿಲ್ಲ. 11 ಅವಿಭಾಜ್ಯ, ಆದರೆ 2¹¹ − 1 = 2047 = 23 × 89. ಈ 2047ನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಪ್ರತಿ ಹಂತದಲ್ಲೂ ಬೇಕಾಗುತ್ತದೆ. 2⁶⁷ − 1 ಕೂಡ ಹಾಗೇ, 193707721 × 761838257287. ಫೇಲ್ ಆಗಬೇಕಾದ ಸಂಖ್ಯೆಯನ್ನು ಫೇಲ್ ಮಾಡದ ಪ್ರೋಗ್ರಾಂ ಪಾಸ್ ಅಂದರೂ ಅದಕ್ಕೆ ಬೆಲೆಯಿಲ್ಲ.

## ಹಂತ 3: ಸಣ್ಣ ಭಾಜಕಗಳನ್ನು ಜರಡಿ ಹಿಡಿಯಿರಿ

3, 5, 7, 11 ಅಂತ ಸಾಲಾಗಿ ಭಾಗಿಸುತ್ತ ಕೂರಬೇಡಿ. ಮ ಗೆ ಯಾವುದಾದರೂ ಅವಿಭಾಜ್ಯ ಭಾಜಕ ಇದ್ದರೆ ಅದು 254ರ ಗುಣಕಕ್ಕೆ 1 ಸೇರಿಸಿದ ರೂಪದಲ್ಲೇ ಇರಬೇಕು (254 ಅಂದರೆ 2 × 127). ಜೊತೆಗೆ 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬರಬೇಕು. ಈ ಎರಡು ನಿಯಮ ಸೇರಿದರೆ ಎಷ್ಟು ಉಳಿತಾಯ ಆಗುತ್ತದೆ ನೋಡಿ.

254 × 1 + 1 = 255, 5ರಿಂದ ಭಾಗವಾಗುತ್ತದೆ, ಬೇಡ. 509ಕ್ಕೆ 8ರ ಶೇಷ 5, ಬೇಡ. 763ಕ್ಕೆ ಶೇಷ 3, ಬೇಡ. 1017ಕ್ಕೆ ಶೇಷ 1, ಆದರೆ ಅದು 9 × 113. 1271ಕ್ಕೆ ಶೇಷ 7, ಆದರೆ ಅದು 31 × 41. ಆಮೇಲಿನ ಎರಡು ಮತ್ತೆ ಶೇಷದಲ್ಲೇ ಹೋದವು. 2033 ಅಂದರೆ 19 × 107. ಆಮೇಲೆ 2287. ಇದು ಅವಿಭಾಜ್ಯ, 8ರ ಶೇಷವೂ 7. ಅಂದರೆ ನೀವು ನಿಜವಾಗಿ ಪರೀಕ್ಷಿಸಬೇಕಾದ ಮೊದಲ ಭಾಜಕವೇ 2287! ಅದಕ್ಕಿಂತ ಕೆಳಗಿನ ಮುನ್ನೂರಕ್ಕೂ ಜಾಸ್ತಿ ಅವಿಭಾಜ್ಯಗಳನ್ನು ಮುಟ್ಟುವ ಅಗತ್ಯವೇ ಇಲ್ಲ.

ಪರೀಕ್ಷೆ ಮಾಡುವಾಗಲೂ ಆ 39 ಅಂಕಿಯನ್ನು ಭಾಗಿಸಬೇಕಿಲ್ಲ. 2ರ ಘಾತ 127ನ್ನು 2287ರಿಂದ ಭಾಗಿಸಿದಾಗಿನ ಶೇಷ ಕೇಳಿ. ಪೈಥಾನ್‌ನ ಪವ್‌ಗೆ (ಮ್ಯಾತ್ ಲೈಬ್ರರಿಯದಲ್ಲ, ಪೈಥಾನ್ ಜೊತೆಗೇ ಬರುವುದು) ಮೂರು ಸಂಖ್ಯೆ ಕೊಡಬಹುದು: ಬುಡ (ಘಾತಕ್ಕೆ ಏರಿಸುವ ಸಂಖ್ಯೆ), ಘಾತ, ಭಾಜಕ. ಉತ್ತರ 1 ಬಂದರೆ ಭಾಜಕ ಸಿಕ್ಕಿತು, ಬೇರೇನು ಬಂದರೂ ಅದು ಭಾಜಕ ಅಲ್ಲ. ಮೊದಲು 2, 11, 23 ಕೊಟ್ಟು ನೋಡಿ. 2048ನ್ನು 23ರಿಂದ ಭಾಗಿಸಿದರೆ 89 ಸಲ ಹೋಗಿ 1 ಉಳಿಯುತ್ತದೆ. 1 ಬರದಿದ್ದರೆ ಮೂರು ಸಂಖ್ಯೆಗಳ ಕ್ರಮ ತಪ್ಪಿದೆ.

ಎಲ್ಲಿಯವರೆಗೆ ನೋಡಬೇಕು? ಕೆಲವು ಲಕ್ಷ ಸಾಕು, ಅಲ್ಲಿಗೆ ನಿಲ್ಲಿಸಿ. ವರ್ಗಮೂಲದವರೆಗೂ ಹೋಗುತ್ತೇನೆ ಅನ್ನುವ ಹಠ ಬೇಡ. ಮ ದ ವರ್ಗಮೂಲವೇ 20 ಅಂಕಿಯದು. ಮೇಲಿನ ಎರಡೂ ನಿಯಮ ಬಳಸಿ, ಸೆಕೆಂಡಿಗೆ 1 ಕೋಟಿ ಭಾಜಕ ನೋಡಿದರೂ ಸುಮಾರು 80 ವರ್ಷ ಬೇಕು.

ಎಚ್ಚರಿಕೆಯ ಗುರುತುಗಳು ಎರಡು. ಪ್ರೋಗ್ರಾಂ "3ರಿಂದ ಭಾಗವಾಯಿತು" ಅಂದರೆ, ಬಹುಶಃ ಮೈನಸ್ ಬದಲು ಪ್ಲಸ್ ಒತ್ತಿದ್ದೀರಿ. 2ರ ಬೆಸ ಘಾತಕ್ಕೆ 1 ಸೇರಿಸಿದರೆ ಅದು ಯಾವಾಗಲೂ 3ರಿಂದ ಭಾಗವಾಗುತ್ತದೆ. "2ರಿಂದ ಭಾಗವಾಯಿತು" ಅಂದರೆ ಮೊದಲ ಹಂತದ ದಶಮಾಂಶದ ತಪ್ಪು, ವಾಪಸ್ ಹೋಗಿ.

## ಹಂತ 4: ಫರ್ಮಾ ಪರೀಕ್ಷೆ, 2 ಬೇಡ, 3 ಹಾಕಿ

ಫರ್ಮಾ ಪರೀಕ್ಷೆ ಎಲ್ಲರಿಗೂ ಗೊತ್ತು: ಸಂಖ್ಯೆ ಅವಿಭಾಜ್ಯವಾಗಿದ್ದರೆ, ಅದರಿಂದ ಭಾಗವಾಗದ ಯಾವುದೇ ಬುಡವನ್ನು (ಸಂಖ್ಯೆ − 1) ಘಾತಕ್ಕೆ ಏರಿಸಿ ಆ ಸಂಖ್ಯೆಯಿಂದಲೇ ಭಾಗಿಸಿದರೆ ಶೇಷ 1. ಎಲ್ಲ ಕಡೆ ಉದಾಹರಣೆಗೆ 2ನ್ನೇ ಬುಡವಾಗಿ ಕೊಟ್ಟಿರುತ್ತಾರೆ. ಮರ್ಸೆನ್ ಸಂಖ್ಯೆಗೆ ಅದು ಶುದ್ಧ ಮೋಸ.

2047ರ ಮೇಲೆ ಹಾಕಿ ನೋಡಿ. 2¹¹ ಅಂದರೆ 2048, 2047ರಿಂದ ಭಾಗಿಸಿದರೆ ಶೇಷ 1. ಘಾತ 2046 ಅಂದರೆ 11 × 186. ಅಂದಮೇಲೆ 2ರ ಘಾತ 2046ಕ್ಕೂ ಶೇಷ 1 ಬರಲೇಬೇಕು. 2047 ಪಾಸ್! ಅದು 23 × 89 ಅಂತ ನಮಗೆ ಗೊತ್ತಿದ್ದರೂ ಪಾಸ್. ಘಾತ ಅವಿಭಾಜ್ಯವಾಗಿರುವ ಪ್ರತಿಯೊಂದು ಮರ್ಸೆನ್ ಸಂಖ್ಯೆಯೂ ಹೀಗೆ ಬುಡ 2ರಲ್ಲಿ ಪಾಸಾಗುತ್ತದೆ, 2⁶⁷ − 1 ಕೂಡ. ಕೇಳಿದವರಿಗೆಲ್ಲ ಹೌದು ಅನ್ನುವ ಪರೀಕ್ಷೆಯಿಂದ ಏನು ಉಪಯೋಗ?

ಬುಡ 3 ಹಾಕಿ. 3ರ ಘಾತ 2046ನ್ನು 2047ರಿಂದ ಭಾಗಿಸಿದರೆ ಶೇಷ 1013. ಸಿಕ್ಕಿಬಿತ್ತು.

ಈಗ ಮ ಗೆ ಬನ್ನಿ. ಪೂರ್ತಿ ಘಾತದ ಬದಲು ಅರ್ಧ ಘಾತ ಹಾಕಿ: 3ನ್ನು (ಮ − 1)ರ ಅರ್ಧಕ್ಕೆ ಏರಿಸಿ, ಮ ದಿಂದ ಭಾಗಿಸಿ ಶೇಷ ನೋಡಿ. ಬರಬೇಕಾದದ್ದು ಮ − 1, ಅಂದರೆ ಕೊನೆಗೆ 726 ಇರುವ ಅದೇ ಉದ್ದದ ಸಂಖ್ಯೆ. 1 ಬಂದರೂ ತಪ್ಪೇ. ಮ ವನ್ನು 4ರಿಂದ ಭಾಗಿಸಿದರೆ ಶೇಷ 3, 3ರಿಂದ ಭಾಗಿಸಿದರೆ ಶೇಷ 1. ಇಂಥ ಅವಿಭಾಜ್ಯದಲ್ಲಿ 3 ಯಾವ ಸಂಖ್ಯೆಯ ವರ್ಗದ ಶೇಷವೂ ಆಗುವುದಿಲ್ಲ, ಅದಕ್ಕೇ ಅರ್ಧ ಘಾತದಲ್ಲಿ ಮೈನಸ್ 1, ಅಂದರೆ ಶೇಷವಾಗಿ ಮ − 1, ಬರುತ್ತದೆ. ಬುಡ 2 ಹಾಕಿದರೆ ಅರ್ಧ ಘಾತದಲ್ಲೂ 1 ಬರುತ್ತದೆ. ಅದು ಯಾಕೆ ಏನನ್ನೂ ಹೇಳುವುದಿಲ್ಲ ಅಂತ ಈಗ ಗೊತ್ತಾಯಿತಲ್ಲ.

ಮಿಲ್ಲರ್-ರಾಬಿನ್ ಅನ್ನುವ, ಫರ್ಮಾದ್ದಕ್ಕಿಂತ ಬಿಗಿಯಾದ ಪರೀಕ್ಷೆಯನ್ನು ಪ್ರತ್ಯೇಕವಾಗಿ ಬರೆಯಬೇಕೇ ಅಂತ ಕೇಳುತ್ತಾರೆ. ಇಲ್ಲಿ ಬೇಡ. ಮ − 1 ಅನ್ನು 2ರಿಂದ ಒಂದೇ ಸಲ ಭಾಗಿಸಬಹುದು, ಆಮೇಲೆ ಬೆಸ ಸಂಖ್ಯೆ. ಹಾಗಾಗಿ ಅರ್ಧ ಘಾತದಲ್ಲಿ 1 ಅಥವಾ ಮ − 1 ಬಂತೇ ಅಂತ ನೋಡುವುದೇ ಮಿಲ್ಲರ್-ರಾಬಿನ್. ಸುಮ್ನೆ ಯಾವುದೋ ಬುಡ ಆರಿಸಿದರೆ, ಅವಿಭಾಜ್ಯವಲ್ಲದ ಸಂಖ್ಯೆ ತಪ್ಪಿಸಿಕೊಳ್ಳುವ ಸಾಧ್ಯತೆ ಹೆಚ್ಚೆಂದರೆ ಕಾಲು ಭಾಗ. ಹೀಗೆ ಹತ್ತು ಬುಡ ಹಾಕಿದರೆ ಹತ್ತು ಲಕ್ಷಕ್ಕೆ ಒಂದಕ್ಕಿಂತ ಕಮ್ಮಿ.

ಇಲ್ಲಿ ಆಗುವ ಎರಡು ಕೋಡಿಂಗ್ ತಪ್ಪು ಹೇಳಿಬಿಡುತ್ತೇನೆ. ಅರ್ಧ ಮಾಡುವಾಗ ಭಾಗಾಕಾರಕ್ಕೆ ಒಂದು ಓರೆಗೆರೆ (/) ಹಾಕಿದರೆ ದಶಮಾಂಶ ಆಗಿಬಿಡುತ್ತದೆ, ಪವ್ ಗಲಾಟೆ ಮಾಡುತ್ತದೆ. ಎರಡು ಓರೆಗೆರೆ (//) ಹಾಕಿ. ಇನ್ನೊಂದು, ಮೊದಲು ಪೂರ್ತಿ ಘಾತ ಲೆಕ್ಕ ಹಾಕಿ ಆಮೇಲೆ ಭಾಗಿಸೋಣ ಅಂತ ಎರಡು ಸಾಲಿನಲ್ಲಿ ಬರೆದರೆ ಕಂಪ್ಯೂಟರ್ ಅಲ್ಲೇ ಕೂರುತ್ತದೆ, ಫ್ಯಾನ್ ಜೋರಾಗಿ ತಿರುಗುತ್ತದೆ, ಉತ್ತರ ಬರುವುದಿಲ್ಲ. ಯಾಕಂದರೆ ಆ ಸಂಖ್ಯೆಯನ್ನು ಇಟ್ಟುಕೊಳ್ಳಲು ಭೂಮಿಯ ಮೇಲೆ ಜಾಗವೇ ಇಲ್ಲ.

ಈ ಹಂತ ಪಾಸಾದರೆ ಹೇಳಬಹುದಾದದ್ದು ಇಷ್ಟೇ: "ಬಹುಶಃ ಅವಿಭಾಜ್ಯ." ಬಹುಶಃ ಅನ್ನುವ ಪದ ತೆಗೆಯಲು ಇನ್ನೂ ಎರಡು ಹಂತ ಬಾಕಿ.

## ಹಂತ 5: ಲ್ಯೂಕಾ-ಲೆಹ್ಮರ್ ಪರೀಕ್ಷೆ, ಮೊದಲು ಕಾಗದದ ಮೇಲೆ

ಇದು ಸಾಬೀತು ಮಾಡುವ ಪರೀಕ್ಷೆ, "ಬಹುಶಃ" ಇಲ್ಲ. ಮರ್ಸೆನ್ ಸಂಖ್ಯೆಗಳಿಗೆ ಮಾತ್ರ ನಡೆಯುತ್ತದೆ. ಘಾತ ಬೆಸ ಅವಿಭಾಜ್ಯ ಆಗಿರಬೇಕು.

ನಿಯಮ ಇಷ್ಟೇ. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆಯಿರಿ, ಮರ್ಸೆನ್ ಸಂಖ್ಯೆಯಿಂದ ಭಾಗಿಸಿ ಶೇಷ ಇಟ್ಟುಕೊಳ್ಳಿ. ಇದು ಒಂದು ಸುತ್ತು. ಘಾತಕ್ಕಿಂತ ಎರಡು ಕಡಿಮೆ ಸುತ್ತು ಹಾಕಿ. ಕೊನೆಗೆ 0 ಬಂದರೆ ಅವಿಭಾಜ್ಯ, ಬರದಿದ್ದರೆ ಅಲ್ಲ. ಎರಡೂ ಕಡೆ ಖಚಿತ.

ಘಾತ 7 ತಗೊಳ್ಳಿ, ಸಂಖ್ಯೆ 127, ಐದು ಸುತ್ತು. 4ರ ವರ್ಗ 16, ಎರಡು ಕಳೆದರೆ 14. 14ರ ವರ್ಗ 196, ಕಳೆದರೆ 194, ಶೇಷ 67. ಅದರ ವರ್ಗ 4489, ಕಳೆದರೆ 4487, ಶೇಷ 42. ಆಮೇಲೆ 1762, ಶೇಷ 111. ಕೊನೆಗೆ 12319, ಅದು ಸರಿಯಾಗಿ 127 × 97, ಶೇಷ 0. ಆಯಿತು, 127 ಅವಿಭಾಜ್ಯ.

ಈಗ ಫೇಲ್ ಆಗಬೇಕಾದದ್ದು: ಘಾತ 11, ಸಂಖ್ಯೆ 2047, ಒಂಬತ್ತು ಸುತ್ತು. ಶೇಷಗಳು 14, 194, 788, 701, 119, 1877, 240, 282, 1736. ಕೊನೆಯದು 0 ಅಲ್ಲ. ಈ ಒಂಬತ್ತು ಸಂಖ್ಯೆಗಳನ್ನು ನಿಮ್ಮ ಪ್ರೋಗ್ರಾಂ ಒಂದೂ ತಪ್ಪದೆ ಕೊಡಬೇಕು. ಮಧ್ಯದಲ್ಲಿ ಎಲ್ಲಿ ತಪ್ಪಿತೋ ಅಲ್ಲೇ ದೋಷ ಇದೆ.

ಭಾಗಾಕಾರ ತಪ್ಪಿಸುವ ಉಪಾಯವೊಂದಿದೆ, ಬಹಳ ಚೆಂದದ್ದು, ಆದರೆ ಅದರಲ್ಲೊಂದು ಗುಂಡಿಯೂ ಇದೆ. ಮರ್ಸೆನ್ ಸಂಖ್ಯೆಯನ್ನು ಬೈನರಿಯಲ್ಲಿ, ಅಂದರೆ 0 ಮತ್ತು 1 ಮಾತ್ರ ಬಳಸಿ ಬರೆದರೆ, ಬರೀ 1ಗಳು. ಹಾಗಾಗಿ ಶೇಷ ಬೇಕಾದರೆ ಬೈನರಿಯ ಕೆಳಗಿನ ತುಂಡನ್ನೂ ಮೇಲಿನ ತುಂಡನ್ನೂ ಕತ್ತರಿಸಿ ಕೂಡಿಸಿದರೆ ಆಯಿತು. 4487ನ್ನು 128ರ ಲೆಕ್ಕದಲ್ಲಿ ಕತ್ತರಿಸಿ: 35 × 128 + 7. 35 ಮತ್ತು 7 ಕೂಡಿದರೆ 42. ಅದೇ ಶೇಷ!

ಗುಂಡಿ ಎಲ್ಲಿ ಅಂದರೆ ಕೊನೆಯ ಸುತ್ತಿನಲ್ಲಿ. 12319 ಅಂದರೆ 96 × 128 + 31. ಕೂಡಿದರೆ 127. ಶೇಷ 0 ಬರಬೇಕಿತ್ತು, 127 ಬಂತು. 127ನ್ನು 127ರಿಂದ ಭಾಗಿಸಿದರೆ 0 ಅಂತ ನಮಗೆ ಗೊತ್ತು, ಪ್ರೋಗ್ರಾಂಗೆ ಗೊತ್ತಿಲ್ಲ, ಅದು "0 ಅಲ್ಲ, ಅವಿಭಾಜ್ಯ ಅಲ್ಲ" ಅಂತ ಷರಾ ಬರೆಯುತ್ತದೆ. ನಾನೇ ಒಂದು ಇಡೀ ಸಂಜೆ ಇದರಲ್ಲಿ ಕಳೆದಿದ್ದೇನೆ. ಒಂದೂ ಅವಿಭಾಜ್ಯ ಸಿಗುತ್ತಿಲ್ಲ, ಟೀ ತಣ್ಣಗಾಯಿತು, ಮನೆಯವರು ಊಟಕ್ಕೆ ಕರೆದು ಕರೆದು ಸುಮ್ಮನಾದರು. ತಪ್ಪು ಇದ್ದದ್ದು ಈ ಒಂದು ಸಾಲಿನಲ್ಲಿ. ಕೂಡಿಸಿದ ಮೇಲೆ ಉತ್ತರ ಮರ್ಸೆನ್ ಸಂಖ್ಯೆಗೇ ಸಮವಾದರೆ ಅದನ್ನು 0 ಮಾಡಿ. ಇನ್ನೂ ದೊಡ್ಡದಿದ್ದರೆ ಮತ್ತೊಮ್ಮೆ ಕತ್ತರಿಸಿ ಕೂಡಿಸಿ.

## ಹಂತ 6: ಈಗ 125 ಸುತ್ತು

ಕಾಗದದ ಲೆಕ್ಕ ತಾಳೆಯಾದ ಮೇಲೆ ಘಾತ 127 ಹಾಕಿ. 125 ಸುತ್ತು, ಪ್ರತಿ ಸುತ್ತಿಗೂ 39 ಅಂಕಿಯವರೆಗಿನ ಒಂದು ವರ್ಗ. ಎಡ್ವರ್ಡ್ ಲ್ಯೂಕಾ 1876ರಲ್ಲಿ ಈ ಸಂಖ್ಯೆ ಅವಿಭಾಜ್ಯ ಅಂತ ತೋರಿಸಿದಾಗ ಕೈಯಲ್ಲೇ ಲೆಕ್ಕ ಮಾಡಬೇಕಿತ್ತು. ನಿಮಗೆ ಎಂಟರ್ ಒತ್ತಿ ಬೆರಳು ಎತ್ತುವಷ್ಟರಲ್ಲಿ ಮುಗಿದಿರುತ್ತದೆ. ಕೊನೆಗೆ 0 ಬರಬೇಕು.

ಬರದಿದ್ದರೆ ಗಾಬರಿಯಾಗಬೇಡಿ, ಏನು ಬಂತು ಅಂತ ನೋಡಿ. ಬಂದ ಸಂಖ್ಯೆಯೇ ತಪ್ಪು ಎಲ್ಲಿದೆ ಅಂತ ಹೇಳುತ್ತದೆ.

18446744073709551616 ಬಂತೇ? ಅಥವಾ 170141183460469231713240559642174554111 ಬಂತೇ? ಹಾಗಿದ್ದರೆ ನೀವು ಒಂದು ಸುತ್ತು ಕಡಿಮೆ ಹಾಕಿದ್ದೀರಿ. ಮೊದಲನೆಯದು 2⁶⁴, ಎರಡನೆಯದು ಮ ದಿಂದ 2⁶⁴ ಕಳೆದದ್ದು. 0 ಬರಬೇಕಾದರೆ ಅದರ ಹಿಂದಿನ ಸಂಖ್ಯೆಯ ವರ್ಗಕ್ಕೆ ಶೇಷ 2 ಇರಬೇಕು, ಅಂಥವು ಇರುವುದು ಈ ಎರಡೇ. ಸಣ್ಣದರಲ್ಲೂ ಹಾಗೇ: 127ರಲ್ಲಿ ಕೊನೆಯ ಹಿಂದಿನದು 111, ಅಂದರೆ 127 − 16, ಅಂದರೆ 2⁴ ಕಳೆದದ್ದು. ಪೈಥಾನ್‌ನ ರೇಂಜ್ ಕೊನೆಯ ಸಂಖ್ಯೆಯನ್ನು ಬಿಟ್ಟು ಎಣಿಸುತ್ತದೆ, 1ರಿಂದ ಶುರು ಮಾಡಿದವರಿಗೆ ಒಂದು ಸುತ್ತು ಹೀಗೇ ಜಾರಿಹೋಗುತ್ತದೆ.

ಕೊನೆಗೆ 725 ಇರುವ ಉದ್ದ ಸಂಖ್ಯೆ ಬಂದರೆ ಒಂದು ಸುತ್ತು ಜಾಸ್ತಿ. 0ರ ವರ್ಗದಲ್ಲಿ 2 ಕಳೆದರೆ ಮೈನಸ್ 2, ಅಂದರೆ ಮ − 2. ಬರೀ 2 ಬಂದರೆ ಎರಡು ಸುತ್ತೋ ಅದಕ್ಕಿಂತ ಹೆಚ್ಚೋ ಆಗಿದೆ. ಒಮ್ಮೆ 2 ಬಂದರೆ ಆಮೇಲೆ ಎಷ್ಟು ಸುತ್ತಿದರೂ 2ರಲ್ಲೇ ನಿಂತಿರುತ್ತದೆ. ಮ ವೇ ಬಂದರೆ ಹಿಂದಿನ ಹಂತದ ಗುಂಡಿ.

ಇವು ಯಾವುವೂ ಅಲ್ಲದ ಬೇರೇನೋ ಬಂದರೆ, ಸಂಖ್ಯೆಯೇ ತಪ್ಪಿರಬೇಕು ಅಥವಾ ಮಧ್ಯದಲ್ಲೆಲ್ಲೋ ದಶಮಾಂಶ ನುಸುಳಿದೆ. ಹಂತ 1ಕ್ಕೆ ವಾಪಸ್.

0 ಬಂತು ಅಂತ ಖುಷಿಪಡುವ ಮೊದಲು ಘಾತ 67 ಹಾಕಿ ಓಡಿಸಿ. ಅದಕ್ಕೂ 0 ಬಂದರೆ ನಿಮ್ಮ ಪ್ರೋಗ್ರಾಂ ಎಲ್ಲದಕ್ಕೂ 0 ಕೊಡುತ್ತಿದೆ.

## ಹಂತ 7: ಅವಿಭಾಜ್ಯ ಅಂತ ಗೊತ್ತಾದ ಮೇಲೆ, ಅದರ ಒಳಗುಣ

ಹೆಚ್ಚಿನವರು ಇಲ್ಲಿಗೆ ಬರುವುದೇ ಇಲ್ಲ. ನನಗೆ ಮಾತ್ರ ಇದೇ ಇಷ್ಟವಾದ ಭಾಗ.

ಮೊದಲು ಮ − 1ರ ಅಪವರ್ತನ. ದೊಡ್ಡ ಸಂಖ್ಯೆಯ ಅಪವರ್ತನ ಕಷ್ಟ ಅಂತಾರೆ ಅಲ್ವಾ, ಇದು ಸುಲಭ. ಮ − 1 ಅಂದರೆ 2 × (2¹²⁶ − 1). 126ನ್ನು ಒಡೆಯುತ್ತ ಹೋದರೆ ಅದೂ ಒಡೆಯುತ್ತದೆ: (2⁶³ − 1) ಒಂದು, (2⁶³ + 1) ಇನ್ನೊಂದು. ಕೊನೆಗೆ ಸಿಗುವ ಅವಿಭಾಜ್ಯಗಳು: 2, 3 (ಮೂರು ಸಲ), 7 (ಎರಡು ಸಲ), 19, 43, 73, 127, 337, 5419, 92737, 649657, 77158673929. ಎಲ್ಲವನ್ನೂ ಮತ್ತೆ ಗುಣಿಸಿ ಮ − 1 ಬರುತ್ತದೆಯೇ ನೋಡಿ. 3ರ ಮೂರು ಸಲ, 7ರ ಎರಡು ಸಲ ಮರೆಯುವುದು ಮಾಮೂಲಿ ತಪ್ಪು.

ಈ ಪಟ್ಟಿಯಿಂದ ಇನ್ನೊಂದು ಕೆಲಸ ಆಗುತ್ತದೆ: ಆದಿಮೂಲ ಹುಡುಕುವುದು. ಆದಿಮೂಲ ಅಂದರೆ, ತನ್ನ ಘಾತಗಳಲ್ಲೇ 1ರಿಂದ ಮ − 1ರವರೆಗಿನ ಎಲ್ಲ ಶೇಷಗಳನ್ನೂ ಮುಟ್ಟಿಬರುವ ಸಂಖ್ಯೆ. ಮೊದಲು 31ರಲ್ಲಿ ಮಾಡಿ ನೋಡಿ. 30ರ ಅವಿಭಾಜ್ಯಗಳು 2, 3, 5. ಬುಡ 3ನ್ನು 15, 10, 6ರ ಘಾತಕ್ಕೆ ಏರಿಸಿದರೆ ಶೇಷ 30, 25, 16. ಒಂದೂ 1 ಅಲ್ಲ, ಹಾಗಾಗಿ 3 ಆದಿಮೂಲ. ಮ ದಲ್ಲೂ ಹೀಗೇ. ಒಂದು ಬುಡ ಆರಿಸಿ, ಮ − 1 ಅನ್ನು ಮೇಲಿನ ಹನ್ನೆರಡು ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸಿ ಆ ಘಾತಗಳನ್ನು ಹಾಕಿ. ಒಂದು ಕಡೆ 1 ಬಂದರೂ ಆ ಬುಡ ಬಿಟ್ಟು ಮುಂದಿನದಕ್ಕೆ ಹೋಗಿ.

ಬುಡ 2ರಿಂದ ಶುರು ಮಾಡಬೇಡಿ. ಅದು 127 ಹೆಜ್ಜೆಗೇ ಸುಸ್ತಾಗಿ 1ಕ್ಕೆ ವಾಪಸ್ ಬರುತ್ತದೆ. 38 ಸೊನ್ನೆಯಷ್ಟು ಉದ್ದದ ದಾರಿಯಲ್ಲಿ ಬರೀ 127 ಹೆಜ್ಜೆ! ಆದಿಮೂಲ ಸಿಕ್ಕಿದರೆ, (ಮ − 1) ಘಾತಕ್ಕೆ ಶೇಷ 1 ಅಂತಲೂ ನೋಡಿಕೊಂಡಿದ್ದರೆ, ಅದೇ ಅವಿಭಾಜ್ಯ ಅನ್ನುವುದಕ್ಕೆ ಎರಡನೇ ಸಾಬೀತು. ಲ್ಯೂಕಾ-ಲೆಹ್ಮರ್‌ಗೂ ಇದಕ್ಕೂ ಸಂಬಂಧವಿಲ್ಲ, ಬೇರೆಯೇ ದಾರಿ.

ಮ ದಿಂದ ಒಂದು ಪರಿಪೂರ್ಣ ಸಂಖ್ಯೆಯನ್ನೂ ಕಟ್ಟಬಹುದು, ಅದು ಬೇಗ ಮುಗಿಯುತ್ತದೆ. ಮ ವನ್ನು 2¹²⁶ರಿಂದ ಗುಣಿಸಿ. ಬರುವ 77 ಅಂಕಿಯ ಸಂಖ್ಯೆ ತನಗಿಂತ ಸಣ್ಣದಾದ ತನ್ನೆಲ್ಲ ಭಾಜಕಗಳ ಮೊತ್ತಕ್ಕೆ ಸಮ, 28 ಹೇಗೆ 1 + 2 + 4 + 7 + 14 ಆಗುತ್ತದೋ ಹಾಗೆ. ಕೊನೆಯ ಎರಡಂಕಿಯೂ 28 ಇರಬೇಕು, ಇಲ್ಲದಿದ್ದರೆ 2ರ ಘಾತ 126ರ ಬದಲು 127 ಹಾಕಿದ್ದೀರಿ. ಅದು ನಾನು ಕಂಡ ಅತಿ ಸಾಮಾನ್ಯ ತಪ್ಪು.

## ಹಂತ 8: ಬೇರೆ ತಂತ್ರಾಂಶದಲ್ಲಿ ತಾಳೆ ನೋಡಿ

ಪಾರಿ-ಜಿಪಿಯಲ್ಲಿ ಇಸ್‌ಪ್ರೈಮ್ ಅಂತ ಒಂದಿದೆ, ಇಸ್‌ಸ್ಯೂಡೋಪ್ರೈಮ್ ಅಂತ ಇನ್ನೊಂದಿದೆ. ಮೊದಲನೆಯದು ಸಾಬೀತು ಮಾಡುತ್ತದೆ, ಎರಡನೆಯದು "ಬಹುಶಃ" ಅನ್ನುತ್ತದೆ. ಹೆಸರು ನೋಡಿಕೊಂಡು ಬಳಸಿ. ಪೈಥಾನ್‌ನ ಸಿಂಪೈ ಲೈಬ್ರರಿಯಲ್ಲೂ ಇಸ್‌ಪ್ರೈಮ್ ಅಂತಲೇ ಇದೆ, ಆದರೆ 2⁶⁴ ದಾಟಿದ ಮೇಲೆ ಅದು ಕೊಡುವುದು "ಬಹುಶಃ"ದ ಉತ್ತರವೇ. ಆ ಪರೀಕ್ಷೆ ಮೋಸ ಹೋದ ಸಂಖ್ಯೆ ಇವತ್ತಿನವರೆಗೆ ಒಂದೂ ಸಿಕ್ಕಿಲ್ಲ ಅನ್ನುವುದು ನಿಜ. ಸಿಕ್ಕಿಲ್ಲ ಅಂದರೆ ಇಲ್ಲ ಅಂತಲ್ಲ.

ಎಕೆಎಸ್ ಪರೀಕ್ಷೆ ಬರೆಯೋಣ ಅಂತ ಹೊರಡುವವರು ಇರುತ್ತಾರೆ. 2002ರಲ್ಲಿ ಕಾನ್ಪುರದ ಐಐಟಿಯಲ್ಲಿ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಕೊಟ್ಟದ್ದು, ಯಾವ ಸಂಖ್ಯೆಗಾದರೂ ಖಚಿತ ಉತ್ತರ ಕೊಡುತ್ತದೆ. ಸಿದ್ಧಾಂತಕ್ಕೆ ಅದು ದೊಡ್ಡ ವಿಷಯ, ಕೆಲಸಕ್ಕೆ ಮಾತ್ರ ಬಹಳ ನಿಧಾನ. 39 ಅಂಕಿಗೆ ಅದನ್ನು ಓಡಿಸಿ ಕಾಯುತ್ತ ಕೂತವರನ್ನು ಕಂಡಿದ್ದೇನೆ.

## ಹಂತ 9: ಮುಂದಿನ ಘಾತಗಳಿಗೆ ಹೋಗುವಾಗ

ಪ್ರೋಗ್ರಾಂ ಸರಿಯಿದೆ ಅನ್ನಿಸಿದರೆ 3ರಿಂದ 1300ರವರೆಗಿನ ಎಲ್ಲ ಅವಿಭಾಜ್ಯ ಘಾತಗಳನ್ನೂ ಒಟ್ಟಿಗೆ ಓಡಿಸಿ. ಬರಬೇಕಾದ ಪಟ್ಟಿ: 3, 5, 7, 13, 17, 19, 31, 61, 89, 107, 127, 521, 607, 1279. ಹದಿನಾಲ್ಕೇ. 127 ಆದ ಮೇಲೆ 521ರವರೆಗೆ ಒಂದೂ ಇಲ್ಲ, ಅಷ್ಟು ಹೊತ್ತು ಪರದೆ ಖಾಲಿಯಿದ್ದರೆ ಪ್ರೋಗ್ರಾಂ ಕೆಟ್ಟಿತು ಅಂತ ನಿಲ್ಲಿಸಬೇಡಿ. ಈ ಸಂಖ್ಯೆಗಳಿಗೆ ಯಾರ ಹೆಸರಿದೆಯೋ ಆ ಮರ್ಸೆನ್ 1644ರಲ್ಲಿ ಕೊಟ್ಟ ಘಾತಗಳ ಪಟ್ಟಿಯಲ್ಲಿ 67 ಮತ್ತು 257 ಇದ್ದವು, 61, 89, 107 ಇರಲಿಲ್ಲ. ಅದನ್ನು ನೋಡಿಕೊಂಡು ತಾಳೆ ಹಾಕಿದರೆ ನಿಮ್ಮ ಸರಿಯೇ ತಪ್ಪಾಗಿ ಕಾಣುತ್ತದೆ.

2 ಪಟ್ಟಿಯಲ್ಲಿ ಇಲ್ಲವಲ್ಲ ಅಂತ ಕೇಳಬೇಡಿ. 2² − 1 = 3 ಅವಿಭಾಜ್ಯವೇ, ಆದರೆ ಸುತ್ತಿನ ಲೆಕ್ಕ ಅಲ್ಲಿ ಸೊನ್ನೆಯಾಗುತ್ತದೆ, ಪರೀಕ್ಷೆ ಅದಕ್ಕೆ ಹೊಂದುವುದಿಲ್ಲ. ಕೈಯಲ್ಲೇ ಸೇರಿಸಿಕೊಳ್ಳಿ.

ಇನ್ನೂ ಮೇಲೆ ಹೋಗಿ 19937 ಹಾಕಿದರೆ ಪರೀಕ್ಷೆ ನಡೆಯುತ್ತದೆ, ಆದರೆ ಸಂಖ್ಯೆಯನ್ನು ಪ್ರಿಂಟ್ ಮಾಡಲು ಹೋದರೆ ಹೊಸ ಪೈಥಾನ್ ದೋಷ ತೋರಿಸುತ್ತದೆ. 4300 ಅಂಕಿಗಿಂತ ಉದ್ದದ್ದನ್ನು ಅಕ್ಷರಕ್ಕೆ ಬದಲಿಸಲು ಅದು ಒಪ್ಪುವುದಿಲ್ಲ, ಇದರಲ್ಲಿ 6002 ಅಂಕಿ ಇವೆ. ಲೆಕ್ಕ ತಪ್ಪಿಲ್ಲ. ಸಿಸ್ ಮಾಡ್ಯೂಲ್‌ನಲ್ಲಿ ಮಿತಿ ಏರಿಸಿ, ಅಥವಾ ಪ್ರಿಂಟ್ ಮಾಡುವುದನ್ನೇ ಬಿಡಿ.

2024ರ ಅಕ್ಟೋಬರ್‌ನಲ್ಲಿ ಅವಿಭಾಜ್ಯ ಅಂತ ಪ್ರಕಟವಾದ 2ರ ಘಾತ 136279841 ಮೈನಸ್ 1ನ್ನು ಪೈಥಾನ್‌ನಲ್ಲಿ ಪರೀಕ್ಷಿಸಲು ಹೋಗಬೇಡಿ. ಅದಕ್ಕೆ 41024320 ಅಂಕಿ, 13 ಕೋಟಿಗೂ ಮೀರಿದ ಸುತ್ತು. ಆ ಗಾತ್ರಕ್ಕೆ ಪ್ರೈಮ್95 ತರಹದ ಮೀಸಲು ತಂತ್ರಾಂಶವೇ ಬೇಕು, ಲ್ಯಾಪ್‌ಟಾಪ್ ದಿನಗಟ್ಟಲೆ ಬಿಸಿಯಾಗಿರುತ್ತದೆ ಅನ್ನುವುದಕ್ಕೂ ತಯಾರಿರಬೇಕು.